ಸುದ್ದಿ ಮುಟ್ಟದ ಸರ್ವರುಗಳು

ನನ್ನ ತಂಗಿಯ ಧ್ವನಿಯನ್ನು ಅಳಿಸಿ ಹಾಕಿದವಳು ನಾನೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಕೈತಪ್ಪಿ ಆದದ್ದೂ ಅಲ್ಲ. ‘ನಿಜವಾಗಿಯೂ ಅಳಿಸಬೇಕೇ?’ ಎಂದು ಕಂಪ್ಯೂಟರ್ ಎರಡು ಸಲ ಕೇಳಿತು, ಎರಡು ಸಲವೂ ಹೌದು ಎಂದೆ, ಪಾಸ್‌ವರ್ಡನ್ನೂ ಟೈಪ್ ಮಾಡಿದೆ. ಅರಸೀಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು ನಾನು. ಏನನ್ನಾದರೂ ಅಳಿಸುವ ಮೊದಲು ಅದರದೊಂದು ಪ್ರತಿ ತೆಗೆದಿಟ್ಟುಕೊಳ್ಳಿ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ತಂಗಿ ಹಳೇಬೀಡಿನಲ್ಲಿ ಗೈಡ್ ಆಗಿದ್ದಳು. ದೇವಸ್ಥಾನದ ಹತ್ತಿರವೇ ಒಂದು ರೂಮು ಮಾಡಿಕೊಂಡಿದ್ದಳು, ವಾರಕ್ಕೆರಡು ದಿನ ಬೇಲೂರಿಗೂ ಹೋಗುತ್ತಿದ್ದಳು. ಮದುವೆ ಬೇಡವೆಂದಳು, ನಾವೂ ಕೇಳಿ ಕೇಳಿ ಸುಮ್ಮನಾದೆವು. ಪ್ರವಾಸಿಗಳಿಗೆ ತೋರಿಸಿದ್ದು ಸಾಲದೆಂದು ದಿನಾ ಒಂದು ಶಿಲ್ಪದ ಮುಂದೆ ನಿಂತು, ಒಂದು ನಿಮಿಷ ಮಾತಾಡಿ, ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಿದ್ದಳು. ಮೊದಲು ಎಲ್ಲರೂ ಇರುವ ದೊಡ್ಡ ಜಾಲತಾಣದಲ್ಲೇ ಹಾಕುತ್ತಿದ್ದಳು. ಅಲ್ಲಿ ಕಲ್ಲಿನ ಬಗ್ಗೆ ಕೇಳುವವರಿಗಿಂತ ಅವಳ ಸೀರೆಯ ಬಗ್ಗೆ, ಅವಳ ವಯಸ್ಸಿನ ಬಗ್ಗೆ ಬರೆಯುವ ಗಂಡಸರೇ ಜಾಸ್ತಿಯಾದರು. ಒಂದು ದಿನ ಸಿಟ್ಟು ಬಂದು, ಹಾಕಿದ್ದನ್ನೆಲ್ಲ ತೆಗೆದು, ಅದನ್ನು ಬಿಟ್ಟಳು. ನಾನೇ ಅವಳಿಗೆ ಇನ್ನೊಂದು ಬಗೆಯ ಜಾಲದಲ್ಲಿ ಅಕೌಂಟ್ ತೆರೆದುಕೊಟ್ಟೆ. ಅಲ್ಲಿ ಮುಖ ತೋರಿಸದೆ ಬರೀ ಧ್ವನಿಯನ್ನು ಹಾಕತೊಡಗಿದಳು.

ಅದಕ್ಕೆ ಒಬ್ಬ ಯಜಮಾನ ಅಂತ ಇಲ್ಲ. ಸಾವಿರಾರು ಸಣ್ಣ ಸಣ್ಣ ಸರ್ವರುಗಳು, ಒಂದೊಂದನ್ನು ಒಬ್ಬೊಬ್ಬರು ತಮ್ಮ ಖುಷಿಗೆ ನಡೆಸುತ್ತಾರೆ, ಕೆಲವರು ಮನೆಯ ಮೂಲೆಯಲ್ಲೇ. ಒಂದರಲ್ಲಿ ಇರುವವರು ಇನ್ನೊಂದರಲ್ಲಿ ಇರುವವರ ಮಾತು ಕೇಳಬಹುದು. ದೂರದ ಯಾವುದೋ ಸರ್ವರಿನ ಒಬ್ಬರು ನನ್ನ ತಂಗಿಯನ್ನು ಕೇಳಲು ಶುರು ಮಾಡಿದರೆ, ಅವಳು ಹಾಕಿದ ಪ್ರತಿಯೊಂದರ ನಕಲೂ ಅಲ್ಲಿಗೆ ಹೋಗಿ ಕೂರುತ್ತದೆ. ಹಬ್ಬದಲ್ಲಿ ಹೋಳಿಗೆ ಮಾಡಿದಾಗ ಅಕ್ಕಪಕ್ಕದ ಮನೆಗಳಿಗೆ ಡಬ್ಬಿ ಹೋಗುವುದಿಲ್ಲವೇ, ಹಾಗೆ. ಹೀಗೆ ಅವಳ ಮಾತು ಎಷ್ಟೋ ದೇಶಗಳ ಎಷ್ಟೋ ಮನೆಗಳಲ್ಲಿ ಇತ್ತು.

ಮಳೆಗಾಲದಲ್ಲಿ ಅವಳಿಗೆ ಡೆಂಗ್ಯೂ ಬಂತು. ಹಾಸನದ ಆಸ್ಪತ್ರೆಗೆ ಸೇರಿಸಿದ ಐದನೆಯ ದಿನ ಹೋಗಿಬಿಟ್ಟಳು. ಅದರ ಬಗ್ಗೆ ಇನ್ನೂ ಬರೆಯಲು ನನಗೆ ಆಗುವುದಿಲ್ಲ.

ನಮ್ಮ ಮನೆಗಳಲ್ಲಿ ಹೋದವರ ಸಾಮಾನು ಇಟ್ಟುಕೊಳ್ಳುವುದಿಲ್ಲ. ಹಾಸಿಗೆ, ಬಟ್ಟೆ, ಚಪ್ಪಲಿ, ಕೊಡೆ ಎಲ್ಲವನ್ನೂ ಕೊಟ್ಟುಬಿಡಬೇಕು. ಹನ್ನೊಂದನೆಯ ದಿನ ಅಮ್ಮ ಒಂದು ಹನಿ ಕಣ್ಣೀರಿಲ್ಲದೆ ಅವಳ ಟ್ರಂಕು ಖಾಲಿ ಮಾಡಿದಳು. ನನ್ನನ್ನು ಕರೆದು ಹೇಳಿದಳು: “ಅವಳದ್ದು ಅನ್ನೋದು ಒಂದು ಚೂರೂ ಉಳೀಬಾರ್ದು ಕಣೇ. ನಾವು ಹಿಡ್ಕೊಂಡ್ರೆ ಅವಳು ಹಿಂದೆ ತಿರುಗಿ ನೋಡ್ತಾ ಅಲ್ಲೇ ನಿಂತ್ಕೋತಾಳೆ. ಹೋಗಲಿ ಬಿಡು, ನೆಮ್ಮದಿಯಾಗಿ ಹೋಗಲಿ.”

ಇಂಥ ಮಾತುಗಳನ್ನು ಜೀವಮಾನವೆಲ್ಲ ಗೇಲಿ ಮಾಡಿದವಳು ನಾನು. ಆ ದಿನ ಮಾತ್ರ ಅಮ್ಮ ಹೇಳಿದ್ದನ್ನು ಅಕ್ಷರಶಃ ಮಾಡಬೇಕೆನಿಸಿತು. ಮಾಡಲು ಬೇರೆ ಏನೂ ಇರಲಿಲ್ಲವಲ್ಲ. ತಂಗಿಯ ಫೋನಿನಲ್ಲಿದ್ದದ್ದನ್ನೆಲ್ಲ ಒರೆಸಿ ಅವಳ ರೂಮಿನ ಓನರ್ ಮಗಳಿಗೆ ಕೊಟ್ಟೆ. ಆಮೇಲೆ ಅವಳ ಅಕೌಂಟ್ ತೆರೆದು ನೋಡಿದರೆ ಯಾರು ಯಾರೋ ಕೇಳುತ್ತಿದ್ದಾರೆ: ಇವತ್ತಿನ ಕಲ್ಲು ಎಲ್ಲಿ? ಹುಷಾರಾಗಿದ್ದೀರಾ? ನನ್ನ ಮೈ ಉರಿದುಹೋಯಿತು. ಇದೂ ಅವಳ ಸಾಮಾನೇ ತಾನೇ ಎಂದುಕೊಂಡೆ. ಅಳಿಸಿದೆ. ಹಾಗೆ ಅಳಿಸಿದರೆ ಅವಳ ಸರ್ವರು ಉಳಿದೆಲ್ಲ ಸರ್ವರುಗಳಿಗೂ ಸುದ್ದಿ ಕಳಿಸುತ್ತದೆ: ಈ ವ್ಯಕ್ತಿ ಇನ್ನಿಲ್ಲ, ನಿಮ್ಮ ಹತ್ತಿರ ಇರುವ ನಕಲುಗಳನ್ನೂ ತೆಗೆಯಿರಿ. ಅದೂ ನನಗೆ ಗೊತ್ತಿತ್ತು. ಎಲ್ಲ ಕಡೆಯಿಂದಲೂ ಚೊಕ್ಕವಾಗಿ ಹೋಗುತ್ತದೆ, ಒಳ್ಳೆಯದೇ ಆಯಿತು ಎಂದುಕೊಂಡು ಸ್ನಾನಕ್ಕೆ ಹೋದೆ.

ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಬೆಳಿಗ್ಗೆ ಅಮ್ಮ ನೆನೆಹಾಕಿದ ಕಾಳು ಹಿಸುಕುತ್ತ ಕೂತಿದ್ದಳು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಅವಳ ಕೈ ನಿಂತಿತು.

“ಅವಳ ಧ್ವನಿ ಜ್ಞಾಪಕಕ್ಕೆ ಬರ್ತಾ ಇಲ್ಲ ಕಣೇ” ಎಂದಳು.

“ಏನಮ್ಮ?”

“ಮುಖ ಬರುತ್ತೆ. ಬಾಯಿ ಆಡುತ್ತೆ. ಧ್ವನಿ ಬರಲ್ಲ. ಎರಡು ಮೂರು ದಿನದಿಂದ ನೋಡ್ತಾ ಇದೀನಿ, ಬರ್ತಾನೇ ಇಲ್ಲ. ಹೆತ್ತೋಳು ನಾನು, ನಂಗೇ ಮರ್ತೋದ್ರೆ ಹೆಂಗೇ?” ಹಿಸುಕಿದ ಕಾಳನ್ನು ಪಾತ್ರೆಗೆ ಹಾಕದೆ ನನ್ನ ಕಡೆ ತಿರುಗಿದಳು. “ಅವಳು ಮಾತಾಡಿದ್ದೆಲ್ಲ ಕಂಪ್ಯೂಟರಲ್ಲಿದೆ ಅಂತಿದ್ಯಲ್ಲ, ಒಂದು ಹಾಕು. ಒಂದೇ ಒಂದು ಸಾಕು.”

ಆಗಲೇ ಹೇಳಿಬಿಡಬೇಕಿತ್ತು. “ಸರ್ವರ್ ಡೌನ್ ಆಗಿದೆ ಅಮ್ಮ” ಎಂದೆ.

“ರೇಷನ್ ಅಂಗಡೀಲಿ ಆಗುತ್ತಲ್ಲ, ಹಂಗಾ?”

“ಹೂಂ, ಹಂಗೇ.”

ಅಮ್ಮನಿಗೆ ಆ ಮಾತು ಚೆನ್ನಾಗಿ ಗೊತ್ತು. ಹೆಬ್ಬೆಟ್ಟು ಒತ್ತಲು ಹೋಗಿ, ಸರ್ವರ್ ಇಲ್ಲವೆಂದು ಮೂರು ಮೂರು ಸಲ ವಾಪಸ್ ಬಂದವಳು. ಸರ್ವರ್ ಎಂದರೆ ಇವತ್ತಲ್ಲ ನಾಳೆ ಬಂದೇ ಬರುತ್ತದೆ ಎಂದು ಅವಳ ಲೆಕ್ಕ. ಅಂದಿನಿಂದ ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ಕೇಳುತ್ತಿದ್ದಳು: “ಸರ್ವರ್ ಬಂತೇನೇ?” ಸಿಟ್ಟು ಬರುತ್ತಿತ್ತು. ಅವಳ ಮೇಲಲ್ಲ, ನನ್ನ ಮೇಲೆ. ಆದರೆ ರೇಗಿದ್ದು ಅವಳ ಮೇಲೆಯೇ.

ಮೊದಲು ಸುಲಭದ ದಾರಿಗಳನ್ನು ನೋಡಿದೆ. ನಮ್ಮಿಬ್ಬರ ಮೆಸೇಜುಗಳಲ್ಲಿ ಟೈಪ್ ಮಾಡಿದ ಜಗಳಗಳು ಬಿಟ್ಟರೆ ಏನೂ ಇರಲಿಲ್ಲ. ಅವಳು ಫೋನ್ ಮಾಡಿ ಬೈಯುತ್ತಿದ್ದಳು, ರೆಕಾರ್ಡ್ ಮಾಡಿ ಕಳಿಸುವ ಜಾತಿಯಲ್ಲ. ನೆಂಟರ ಮದುವೆಯ ವಿಡಿಯೋ ಒಂದರಲ್ಲಿ ಇದ್ದಾಳೆ, ಮಾತಾಡುತ್ತಾಳೆ, ಕೇಳುವುದು ವಾಲಗ ಮಾತ್ರ. ರಜೆ ಹಾಕಿ, ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿಗೆ ಹೋದೆ. ದೇವಸ್ಥಾನದ ಗೇಟಿನಲ್ಲಿ ಎಳನೀರು ಮಾರುವವನು ನನ್ನನ್ನು ನೋಡಿದ ಕೂಡಲೇ ಮಚ್ಚು ಕೆಳಗಿಟ್ಟ.

“ಅಯ್ಯೋ ಮೇಡಂ, ನನ್ ಪೋನಾಗೆ ಐತೆ ಇರ್ರೀ” ಎಂದು ಒಂದು ವಿಡಿಯೋ ಹುಡುಕಿ ತೆಗೆದ. ತಂಗಿ ಬಿಸಿಲಿನಲ್ಲಿ ನಿಂತು ಕೈ ಎತ್ತಿ ಯಾರಿಗೋ ಏನೋ ವಿವರಿಸುತ್ತಿದ್ದಾಳೆ. ಕೇಳುತ್ತಿದ್ದದ್ದು ಅವನದೇ ಧ್ವನಿ: “ಏನ್ಲಾ, ಅಕ್ಕಾರು ಹೆಂಗೆ ಕಾಣ್ತಾವ್ರೆ ನೋಡ್ಲಾ.” ಪೂರ್ತಿ ಅವನ ಹರಟೆ, ಅವನ ನಗು. ಅವನೂ ನನ್ನ ಮುಖ ನೋಡಿ ಪೆಚ್ಚಾದ. “ನಾನೇ ಬಾಯ್ ಮುಚ್ಕಂಡಿದ್ರೆ ಆಗಿರೋದು” ಎಂದ. ಉಳಿದ ಗೈಡುಗಳನ್ನೂ ಕೇಳಿದೆ, ಬೇಲೂರಿಗೂ ಹೋಗಿ ಕೇಳಿದೆ. ಫೋಟೋಗಳು ಇದ್ದವು. ಫೋಟೋ ತಗೊಂಡು ಏನು ಮಾಡಲಿ?

ಆ ದಿನಗಳಲ್ಲೇ ಚಿಕ್ಕಪ್ಪ ಅಮ್ಮನನ್ನು ನೋಡಲು ಬಂದರು. ಅವರು ಬಿಕ್ಕೋಡಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಾರೆ. ತಂಗಿ ಹೋದಾಗ ಮಳೆಗೆ ಟವರ್ ಹಾಳಾಗಿ, ಮರ ಬಿದ್ದು ರಸ್ತೆಯೂ ಮುಚ್ಚಿ, ಅವರಿಗೆ ಸುದ್ದಿ ಮುಟ್ಟಿದ್ದು ಎಷ್ಟೋ ದಿನದ ಮೇಲೆ. ಅದನ್ನೇ ಮನಸ್ಸಿಗೆ ಹಚ್ಚಿಕೊಂಡಿದ್ದರು. “ಮನೇಲಿ ಸೂತಕ ಇದ್ರೂ ನಾನು ದೇವರ ಪೂಜೆ ಮಾಡ್ಕೊಂಡು, ಹಬ್ಬದೂಟ ಮಾಡ್ಕೊಂಡು ಇದ್ದೆನಲ್ಲ ಅತ್ತಿಗೆ” ಎಂದು ಕಣ್ಣೊರೆಸಿಕೊಂಡರು.

ಅಮ್ಮ ಸಮಾಧಾನ ಹೇಳಿದಳು: “ಕಿವಿಗೆ ಬಿದ್ದ ಮೇಲೆ ತಾನೇ ಸೂತಕ? ಕೇಳದವರಿಗೆ ಏನೂ ಇಲ್ಲ. ನಿಮ್ಮ ಮಟ್ಟಿಗೆ ಆ ದಿನಗಳೆಲ್ಲ ಅವಳು ಬದುಕೇ ಇದ್ಲು.”

ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನಗೆ ಮೈ ಜುಮ್ಮೆಂದಿತು. ನಾನು ಅಕೌಂಟ್ ಅಳಿಸಿದ ಹೊತ್ತಿನಲ್ಲಿ ಸುದ್ದಿ ಮುಟ್ಟದ ಸರ್ವರುಗಳು ಇರಲೇಬೇಕಲ್ಲ! ಕೆಟ್ಟು ನಿಂತದ್ದು, ಕರೆಂಟ್ ಹೋದದ್ದು, ಯಾರೋ ಊರಿಗೆ ಹೋಗುವಾಗ ಆರಿಸಿ ಹೋದದ್ದು. ಸುದ್ದಿ ಕಳಿಸುವ ಸರ್ವರು ಕೆಲವು ದಿನ ಪ್ರಯತ್ನಿಸಿ ಸುಮ್ಮನಾಗುತ್ತದೆ. ಅಂಥ ಕಡೆ ಅವಳು ಇನ್ನೂ ಮಾತಾಡುತ್ತಿರಬೇಕು. ಲೋಟ ಚಿಕ್ಕಪ್ಪನ ಕೈಗೆ ಕೊಟ್ಟೆನೋ ನೆಲದ ಮೇಲಿಟ್ಟೆನೋ ನೆನಪಿಲ್ಲ, ಹೋಗಿ ಕಂಪ್ಯೂಟರ್ ಮುಂದೆ ಕೂತೆ.

ಸಾವಿರಾರು ಸರ್ವರುಗಳಿಗೆ ಒಂದೊಂದಾಗಿ ಹೋಗಿ ಹುಡುಕುವುದು ಮನುಷ್ಯರಿಂದ ಆಗುವ ಕೆಲಸವಲ್ಲ. ಅದಕ್ಕೊಂದು ಸಾಧನ ಕಟ್ಟಿದೆ. ಬ್ರೌಸರಿನಲ್ಲೇ ಕೂರುವ, ಒಂದು ಸಣ್ಣ ಗುಂಡಿ ಒತ್ತಿದರೆ ತೆರೆದುಕೊಳ್ಳುವ ಎಕ್ಸ್‌ಟೆನ್ಷನ್. ಒಬ್ಬರ ವಿಳಾಸ ಕೊಟ್ಟರೆ ಅದು ಪಟ್ಟಿಯಲ್ಲಿರುವ ಸರ್ವರುಗಳ ಬಾಗಿಲು ಒಂದಾದ ಮೇಲೊಂದು ತಟ್ಟಿ, ಇವರದ್ದು ನಿಮ್ಮಲ್ಲಿ ಏನಾದರೂ ಇದೆಯೇ ಎಂದು ಕೇಳುತ್ತದೆ. ಇದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಬೂದು. ಹೇಳುವುದಕ್ಕೆ ಎರಡು ಸಾಲು, ಮಾಡುವುದಕ್ಕೆ ಪ್ರಾಣ ಹೋಯಿತು. ಕೆಲವು ಸರ್ವರುಗಳು ಪರಿಚಯವಿಲ್ಲದವರಿಗೆ ಬಾಯಿ ಬಿಡುವುದಿಲ್ಲ, ಅಲ್ಲೆಲ್ಲ ನಾನೇ ಸದಸ್ಯಳಾಗಬೇಕಾಯಿತು. ಕೆಲವು, ಬಹಳ ಸಲ ಕೇಳುತ್ತೀಯ ಎಂದು ಹೊರಗೆ ಹಾಕಿದವು. ಕೆಲವಂತೂ ನಾನು ಹಾಕಿದ ಅರ್ಜಿಗೆ ಉತ್ತರವನ್ನೇ ಕೊಡಲಿಲ್ಲ.

ದಿನಾ ಬೆಳಿಗ್ಗೆ ಎಂಟಕ್ಕೆ ಲ್ಯಾಬಿನ ಬೀಗ ತೆಗೆಸಿ, ಪಾಠ ಶುರುವಾಗುವ ತನಕ ಕೂರುತ್ತಿದ್ದೆ. ನಮ್ಮ ವಿಭಾಗದ ಮುಖ್ಯಸ್ಥರು ಒಂದು ದಿನ ಹಿಂದೆ ಬಂದು ನಿಂತು ನೋಡಿದರು. “ಬಹಳ ಚೆನ್ನಾಗಿದೆ ಮೇಡಂ, ಇದನ್ನೊಂದು ಪೇಪರ್ ಮಾಡಿ, ಪ್ರಮೋಷನ್‌ಗೆ ಆಗುತ್ತೆ” ಎಂದರು. ಒಳ್ಳೆಯ ಮನುಷ್ಯ, ಪಾಪ. ಅವರ ತಲೆಯ ಮೇಲೆ ಕೀಬೋರ್ಡ್ ಕುಕ್ಕಬೇಕೆನಿಸಿತು. “ನೋಡೋಣ ಸರ್” ಎಂದೆ.

ಬೂದು, ಬೂದು, ಬೂದು. ವಾರಗಟ್ಟಲೆ ಬೂದು ಚುಕ್ಕೆಗಳನ್ನೇ ನೋಡಿದೆ. ಕಣ್ಣು ಮುಚ್ಚಿದರೂ ಅದೇ ಬಣ್ಣ. ಊಟ ಸೇರುತ್ತಿರಲಿಲ್ಲ, ತರಗತಿಯ ಮಕ್ಕಳ ಮೇಲೆ ಸುಮ್ಮಸುಮ್ಮನೆ ಹಾರಾಡುತ್ತಿದ್ದೆ. ಒಂದು ಬೆಳಿಗ್ಗೆ ಪಟ್ಟಿಯ ಕೆಳಗಡೆ ಎಲ್ಲೋ ಒಂದು ಚುಕ್ಕೆ ಹಸಿರಾಯಿತು.

ಅದರ ಮೇಲೆ ಒತ್ತಿದೆ. ತಂಗಿಯ ಪುಟ ತೆರೆಯಿತು. ಗೋಡೆಯ ಕಡೆ ಮುಖ ಮಾಡಿ ನಿಂತ ಅವಳ ಚಿತ್ರ, ಕೆಳಗೆ ಸಾಲಾಗಿ ಅವಳ ಪೋಸ್ಟುಗಳು, ಒಂದೊಂದರ ಪಕ್ಕದಲ್ಲೂ ಕೇಳಲು ಒತ್ತುವ ಸಣ್ಣ ತ್ರಿಕೋನ. ಆ ಸರ್ವರನ್ನು ನಡೆಸುವವನು ಮನೆ ಬದಲಾಯಿಸುವಾಗ ಅದನ್ನು ವಾರಗಟ್ಟಲೆ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದನೆಂದು ಮೊದಲ ಪುಟದಲ್ಲೇ ಬರೆದುಕೊಂಡಿದ್ದ. ಅವನ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ.

ಆಗ ನಾನು ಮಾಡಬೇಕಾಗಿದ್ದದ್ದು ಒಂದೇ. ಒತ್ತಿ, ಇಳಿಸಿ, ಉಳಿಸಿಕೊಳ್ಳುವುದು. ಆದರೆ ನಮ್ಮ ಮನೆಯವರ ಬುದ್ಧಿ ಬಿಡಬೇಕಲ್ಲ. ಏನೇ ಒಳ್ಳೆಯದಾದರೂ ಮೊದಲು ಅಮ್ಮನಿಗೆ ಹೇಳಬೇಕು, ಹೊಸ ಬಟ್ಟೆಯ ಮಡಿಕೆಯನ್ನೂ ಅವಳು ಮುಟ್ಟದೆ ನಾವು ಬಿಚ್ಚಿದವರಲ್ಲ. ತಂಗಿಯ ಧ್ವನಿಯನ್ನು ಅಮ್ಮನಿಗಿಂತ ಮೊದಲು ನಾನು ಕೇಳುವುದು ತಪ್ಪೆನಿಸಿತು. ಫೋನ್ ಮಾಡಿ ಕಿರುಚಿದೆ: “ಅಮ್ಮಾ, ಸರ್ವರ್ ಬಂತು! ಆಟೋ ಹತ್ಕೊಂಡು ಕಾಲೇಜಿಗೆ ಬಂದ್ಬಿಡು, ಈಗ್ಲೇ!”

ಗೇಟಿಗೆ ಓಡಿದೆ. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟುಕೊಂಡು, ತಲೆ ಬಾಚಿಕೊಂಡು ಬಂದಿದ್ದಳು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದೇವರ ಮನೆಗೆ ಕಾಲಿಡುವಂತೆ ಒಳಗೆ ಬಂದಳು. ಕುರ್ಚಿ ಎಳೆದು ಕೂರಿಸಿದೆ. ಪರದೆಯ ಮೇಲೆ ಚಿತ್ರ ಇರಲಿಲ್ಲ. ಸಾಲು ಇರಲಿಲ್ಲ. ಈ ಅಕೌಂಟ್ ಈಗ ಇಲ್ಲ ಎಂಬ ಒಂದು ವಾಕ್ಯ ಇತ್ತು. ಮತ್ತೆ ಮತ್ತೆ ಒತ್ತಿದೆ. ಚುಕ್ಕೆ ಬೂದಾಗಿತ್ತು.

ಅಮ್ಮ ಪರದೆ ನೋಡಿದಳು, ನನ್ನ ಮುಖ ನೋಡಿದಳು. “ಮತ್ತೆ ಡೌನ್ ಆಯ್ತಾ?” ಎಂದಳು.

“ಹೂಂ” ಎಂದೆ.

“ಇರಲಿ ಬಿಡು. ಆಟೋದವನನ್ನ ನಿಲ್ಲು ಅಂದಿದೀನಿ” ಎಂದು ಎದ್ದಳು. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಅವಳ ಕಾಲಿಗೆ ಚಪ್ಪಲಿ ಸಿಗುತ್ತಲೇ ಇರಲಿಲ್ಲ. ನಾನು ಬಗ್ಗಿ ಹಾಕಿದೆ.

ಏನಾಯಿತೆಂದು ಆ ಸರ್ವರುಗಳ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಾಗ ಗೊತ್ತಾಯಿತು. ನನ್ನ ಸಾಧನ ಕೇಳುವ ಕ್ರಮದಲ್ಲೇ ತಪ್ಪಿತ್ತು. ಇವರು ನಿಮಗೆ ಗೊತ್ತೇ ಎಂದಷ್ಟೇ ಕೇಳಬೇಕಿತ್ತು. ಗೊತ್ತಿಲ್ಲದಿದ್ದರೆ ಇವರ ಮೂಲ ಸರ್ವರಿಗೆ ಹೋಗಿ ವಿಚಾರಿಸಿ ಬನ್ನಿ ಎಂದು ನಾನು ಸೇರಿಸಿದ್ದೆ, ಒಂದೂ ತಪ್ಪಿಹೋಗಬಾರದೆಂಬ ಆಸೆಗೆ. ಆ ಮಾತು ಕೇಳಿದ ಸರ್ವರು, ತನ್ನ ಹತ್ತಿರ ಇದ್ದರೂ, ಹೋಗಿ ವಿಚಾರಿಸುತ್ತದೆ. ಆಕೆ ಇನ್ನಿಲ್ಲ ಎಂದು ಅಲ್ಲಿ ಹೇಳುತ್ತಾರೆ. ವಾಪಸ್ ಬಂದು ತನ್ನಲ್ಲಿದ್ದ ನಕಲನ್ನು ಅಳಿಸಿಬಿಡುತ್ತದೆ. ನಾಲ್ಕಾರು ನಿಮಿಷದ ಕೆಲಸ.

ಅಂದರೆ ಸುದ್ದಿ ಮುಟ್ಟದ ಮನೆಗಳನ್ನು ಹುಡುಕಿಕೊಂಡು ಹೋಗಿ, ಬಾಗಿಲು ತಟ್ಟಿ, ಸಾವಿನ ಸುದ್ದಿ ಹೇಳಿ ಬಂದವಳು ನಾನು. ಸಾಧನ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಂಡಿತ್ತು. ತೆಗೆದು ನೋಡಿದೆ. ಆ ಒಂದು ಹಸಿರು ಚುಕ್ಕೆಗಿಂತ ಮುಂಚೆ ಇನ್ನೂ ಆರು ಕಡೆ ‘ಇದೆ’ ಎಂಬ ಉತ್ತರ ಬಂದಿತ್ತು. ನಾನು ಪಾಠದಲ್ಲಿದ್ದಾಗ, ನೋಡುವವರಿಲ್ಲದಾಗ ಬಂದು, ಸಾಧನ ಮತ್ತೆ ಅದೇ ಬಾಗಿಲು ತಟ್ಟುವಷ್ಟರಲ್ಲಿ ಬೂದಾಗಿತ್ತು. ಏಳು ಕಡೆ ಅವಳು ಬದುಕಿದ್ದಳು. ಏಳನ್ನೂ ನಾನೇ ಹುಡುಕಿ ಹುಡುಕಿ ಕೊಂದೆ. ಲ್ಯಾಬಿನ ಬಾಗಿಲು ಹಾಕಿಕೊಂಡು, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅವಳು ಸತ್ತ ದಿನ ಕೂಡ ಅಷ್ಟು ಅತ್ತಿರಲಿಲ್ಲ.

ಆ ಒಂದು ಸಾಲು ತೆಗೆದುಹಾಕಿ ಮತ್ತೆ ಎಲ್ಲ ಕಡೆ ಕೇಳಿದೆ. ಈಗ ಅದು ಯಾರನ್ನೂ ಎಲ್ಲಿಗೂ ಕಳಿಸದೆ ಮೆಲ್ಲಗೆ ಕೇಳುತ್ತಿತ್ತು. ಒಂದೂ ಉಳಿದಿರಲಿಲ್ಲ. ಆದರೆ ಬೇರೊಂದು ಸಿಕ್ಕಿತು. ಅವಳ ಮಾತು ಅಳಿದಿದ್ದರೂ, ಅವಳಿಗೆ ಇತರರು ಬರೆದ ಉತ್ತರಗಳು ಅವರವರ ಹೆಸರಿನಲ್ಲಿ ಹಾಗೇ ಇದ್ದವು. ಅವನ್ನು ಕಲೆಹಾಕುವ ಹಾಗೆ ಸಾಧನವನ್ನು ತಿರುಗಿಸಿದೆ. ನೂರಾರು ಬಂದವು. ‘ಹಾಗಾದರೆ ಆ ಶಿಲ್ಪಿಗೆ ಕೂಲಿ ಕೊಟ್ಟರೋ ಇಲ್ಲವೋ?’ ‘ನಿಮ್ಮ ಅಕ್ಕನಿಗೆ ಇನ್ನೂ ಕೋಪವೇ?’ ‘ಬಸ್ಸಿನಲ್ಲಿ ಜಾಗ ಸಿಕ್ಕಿತೆ?’ ಒಂದು ಕಡೆಯ ಮಾತು ಮಾತ್ರ ಕೇಳುವ ಫೋನ್ ಸಂಭಾಷಣೆಗಳು. ನನ್ನ ಬಗ್ಗೆ ಏನು ಹೇಳಿದ್ದಳೋ ಪಾಪಿ, ನನ್ನ ಕೋಪ ಪರದೇಶಗಳವರೆಗೂ ಹೋಗಿತ್ತು.

ಬರೆದವರಿಗೆಲ್ಲ ನಾನು ಬರೆದೆ. ನಾನು ಅವಳ ಅಕ್ಕ, ಅವಳು ಈಗಿಲ್ಲ, ಅವಳ ಧ್ವನಿ ನಿಮ್ಮ ಬಳಿ ಇದ್ದರೆ ದಯವಿಟ್ಟು ಕೊಡಿ, ನಮ್ಮ ತಾಯಿ ಕೇಳುತ್ತಿದ್ದಾರೆ. ಭಿಕ್ಷೆ ಬೇಡಿದೆ, ನಾಚಿಕೆಯೇನು ಬಂತು. ಅಯ್ಯೋ ಪಾಪ ಎಂದು ಬರೆದವರು ಬಹಳ ಜನ. ಇಟ್ಟುಕೊಂಡವರು ಯಾರೂ ಇಲ್ಲ. ಇರುತ್ತದೆ ಎಂದುಕೊಂಡಿದ್ದೆವು ಎಂದೇ ಎಲ್ಲರೂ ಬರೆದರು.

ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ನನ್ನನ್ನು ಬೇಲೂರಿನ ಕಾಲೇಜಿಗೆ ಹಾಕಿದ್ದರು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಒಂದು ಉತ್ತರ ಬಂತು. ಎಂದೋ ಹಳೇಬೀಡಿಗೆ ಬಂದುಹೋಗಿದ್ದ, ಈಗ ತನ್ನ ದೇಶದಲ್ಲಿ ಒಂಟಿಯಾಗಿರುವ ಮುದುಕಿಯೊಬ್ಬಳದು. ಕನ್ನಡ ಅರ್ಥವಾಗುವುದಿಲ್ಲ, ಆದರೆ ಬೆಳಿಗ್ಗೆ ಏಳುವ ಅಲಾರಂ ಮಾಡಿಕೊಳ್ಳಲು ಒಂದನ್ನು ಇಳಿಸಿಕೊಂಡಿದ್ದೆ, ದಿನಾ ಅದೇ ನನ್ನನ್ನು ಎಬ್ಬಿಸುತ್ತದೆ ಎಂದು ಬರೆದಿದ್ದಳು. ಜೊತೆಗೆ ಆ ರೆಕಾರ್ಡಿಂಗ್ ಕಳಿಸಿದ್ದಳು.

ಈ ಸಲ ಮೊದಲು ಅದನ್ನು ನಾಲ್ಕು ಕಡೆ ಉಳಿಸಿಟ್ಟೆ. ಆಮೇಲೆ ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಕಂಡಕ್ಟರುಗಳ ಕೂಗು, ಹಾರನ್ನು, ಅದರ ನಡುವೆ ಒಂದು ಹೆಣ್ಣು ಧ್ವನಿ, ಹಿಂದೆ ಹಕ್ಕಿಗಳ ಗಲಾಟೆ: “ಈ ಸಾಲಲ್ಲಿ ಒಂದು ಆನೆ ಇದ್ದ ಹಾಗೆ ಇನ್ನೊಂದಿಲ್ಲ. ನೋಡ್ಕೊಂಡು ಬನ್ನಿ, ನಾನಿಲ್ಲೇ ಕೂತಿರ್ತೀನಿ.” ಅಷ್ಟೇ. ಅಲ್ಲೇ ಸಿಮೆಂಟ್ ಬೆಂಚಿನ ಮೇಲೆ ಕುಸಿದು ಕೂತೆ. ಪಕ್ಕದಲ್ಲಿದ್ದ ಹೆಂಗಸು ನೀರಿನ ಬಾಟಲಿ ಕೊಟ್ಟಳು. ಮತ್ತೆ ಕೇಳಲಿಲ್ಲ, ಇನ್ನು ಕೇಳುವುದು ಅಮ್ಮನ ಜೊತೆಗೇ ಎಂದು ಬಸ್ಸು ಹತ್ತಿದೆ.

ಅಮ್ಮ ಹಜಾರದಲ್ಲಿ ಹೂವಿನ ಬತ್ತಿ ಹೊಸೆಯುತ್ತಿದ್ದಳು. ನಾನು ಏನೂ ಹೇಳದೆ ಎದುರಿಗೆ ಕೂತು, ಫೋನಿನ ಸದ್ದು ಪೂರ್ತಿ ಏರಿಸಿ, ಒತ್ತಿದೆ.

ಅಮ್ಮ ಕೇಳಿದಳು. ಇನ್ನೊಂದು ಸಲ ಹಾಕು ಎಂದು ಬೆರಳು ಮಾಡಿದಳು. ಹಾಕಿದೆ. ಅವಳ ಮುಖದಲ್ಲಿ ನಾನು ಕಾದಿದ್ದ ಯಾವುದೂ ಬರಲಿಲ್ಲ.

“ಇದು ಅವಳಲ್ಲ ಕಣೇ” ಎಂದಳು. “ಇದು ನೀನು.”

“ಹುಚ್ಚೇನಮ್ಮ ನಿಂಗೆ? ಅವಳ ಅಕೌಂಟಿಂದ ಬಂದಿರೋದು.”

“ಎಲ್ಲಿಂದಾದ್ರೂ ಬರಲಿ. ನಂಗೆ ಗೊತ್ತಾಗಲ್ವಾ? ಬಸ್ ತಪ್ಪೋಗುತ್ತೆ ಅನ್ನೋ ಹಂಗೆ ಮಾತಾಡೋಳು ನೀನು. ‘ಬನ್ನಿ’ ಅನ್ನೋದನ್ನ ಹಿಂಗೆ ಕಡಿದು ಹಾಕೋಳು ನೀನು.”

ಮೂರನೆಯ ಸಲ ಹಾಕಿದೆ. ನಿಶ್ಶಬ್ದದಲ್ಲಿ ಈಗ ನನಗೂ ಕೇಳಿತು. ನಮ್ಮ ಧ್ವನಿ ನಮಗೇ ಪರಕೀಯವಾಗಿ ಕೇಳುತ್ತದಲ್ಲ, ಅದು. ಹಿಂದೊಂದು ಭಾನುವಾರ ಹಳೇಬೀಡಿಗೆ ಅವಳನ್ನು ನೋಡಲು ಹೋಗಿದ್ದು ನೆನಪಾಯಿತು. ತಂಗಿಗೆ ನೆಗಡಿ, ಗಂಟಲು ಕಟ್ಟಿತ್ತು. ಚೀಟಿಯಲ್ಲಿ ಎರಡು ಸಾಲು ಬರೆದು ಫೋನನ್ನು ನನ್ನ ಕೈಗೆ ತುರುಕಿದ್ದಳು, ಇವತ್ತೊಂದು ದಿನ ನೀನು ಹೇಳೇ ಎಂದು. ನನಗೆ ಅರಸೀಕೆರೆ ಬಸ್ಸಿನ ಅವಸರ. ಗೊಣಗಿಕೊಂಡು ಹೇಳಿ, ಓಡಿದ್ದೆ. ಇಷ್ಟು ದೊಡ್ಡ ಲೋಕದಲ್ಲಿ ಅವಳದ್ದೆಂದು ಉಳಿದ ಒಂದೇ ಒಂದು ಧ್ವನಿ ನನ್ನದು.

ಇನ್ನು ತಡೆಯಲು ಆಗಲಿಲ್ಲ. “ಸರ್ವರ್ ಡೌನ್ ಆಗಿರಲಿಲ್ಲ ಅಮ್ಮ. ನಾನೇ ಅಳಿಸಿದ್ದು. ಹನ್ನೊಂದನೇ ದಿನ. ಎಲ್ಲಾ ನಾನೇ ಅಳಿಸಿದೆ. ಆಮೇಲೆ ಏಳು ಕಡೆ ಉಳಿದಿತ್ತು, ಅದನ್ನೂ ನಾನೇ ಹಾಳು ಮಾಡಿದೆ” ಎಂದು ಅವಳ ಮಡಿಲಲ್ಲಿ ತಲೆಯಿಟ್ಟು ಗೋಳೋ ಎಂದು ಅತ್ತೆ. ಹತ್ತಿಯೆಲ್ಲ ಮುಖಕ್ಕೆ ಅಂಟಿಕೊಂಡಿತು.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಒಂದು ಚೂರೂ ಉಳೀಬಾರ್ದು ಅಂದೋಳು ನಾನೇ ಅಲ್ವೇನೇ” ಎಂದಳು. ನನ್ನ ಮುಖದ ಹತ್ತಿ ತೆಗೆಯುತ್ತ ಏನೋ ಯೋಚಿಸಿದಳು. ಆಮೇಲೆ, ತರಗತಿಯಲ್ಲಿ ತಪ್ಪು ಓದಿದ ಹುಡುಗಿಯನ್ನು ತಿದ್ದುವ ಹಾಗೆ ಹೇಳಿದಳು: “ನೀನು ಹೇಳಿದ್ದು ಸರಿಯಿಲ್ಲ. ಅವಳು ಹಂಗೆ ಹೇಳ್ತಿರಲಿಲ್ಲ. ನೋಡ್ಕೊಂಡು ಬನ್ನೀ... ನಾನಿಲ್ಲೇ ಕೂತಿರ್ತೀನಿ.”

ಅದು ಅವಳು. ಕೊನೆಯಲ್ಲಿ ಮೆಲ್ಲಗೆ ಎಳೆದು, ಒಂದಿಷ್ಟು ನಗು ಸೇರಿಸಿ, ನಿಮಗೆ ಎಷ್ಟು ಹೊತ್ತು ಬೇಕಾದರೂ ಆಗಲಿ ಎನ್ನುವ ಆ ಧ್ವನಿ. ಅಮ್ಮನ ಬಾಯಿಂದ ನನ್ನ ತಂಗಿ ಮಾತಾಡಿದಳು. ತಲೆಯೆತ್ತಿ ನೋಡಿದೆ. ಅಮ್ಮನೂ ಬೆಚ್ಚಿದ್ದಳು, ಕೈ ಬಾಯಿಯ ಮೇಲಿತ್ತು.

“ಅಮ್ಮ, ಇನ್ನೊಂದು ಸಲ ಹೇಳು.”

“ನೋಡ್ಕೊಂಡು ಬನ್ನಿ” ಎಂದಳು. ಬಂದದ್ದು ಅಮ್ಮನ ಧ್ವನಿ. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದಳು. ಇಲ್ಲ. ಕಣ್ಣು ಮುಚ್ಚಿಕೊಂಡು ಹೇಳಿದಳು, ಅರ್ಧಕ್ಕೇ ನಿಲ್ಲಿಸಿದಳು.

“ಬರ್ತಾ ಇಲ್ಲ ಕಣೇ” ಎಂದು ನನ್ನ ಕೈ ಹಿಡಿದುಕೊಂಡಳು. “ಈಗ ತಾನೇ ಇತ್ತಲ್ಲ.”

“ಬರುತ್ತೆ” ಎಂದೆ. “ನಿಧಾನಕ್ಕೆ ಹೇಳಮ್ಮ. ಅವಸರ ಏನಿಲ್ಲ.”